ಹನ್ನೊಂದನೇ ಷರತ್ತು

ಕೈಗಾರಿಕಾ ಇಲಾಖೆಯ ಶಾಖಾಧಿಕಾರಿಗೆ ತನ್ನ ಬರವಣಿಗೆಯ ಮೇಲೆ ಎಲ್ಲಿಲ್ಲದ ಹೆಮ್ಮೆ. ಸಿಮೆಂಟಿಗೆ, ಸಕ್ಕರೆಗೆ, ಚರ್ಮಕ್ಕೆ ನೀತಿ ಬರೆದ ಕೈ ಅದು. ಸೈಬರ್ ಭದ್ರತಾ ಉದ್ಯಮಕ್ಕೂ ಒಂದು ಪ್ರೋತ್ಸಾಹ ನೀತಿ ಬೇಕೆಂದು ಮೇಲಿನವರು ಹೇಳಿದಾಗ, ಆ ವಿದ್ಯೆಯ ಗಂಧಗಾಳಿ ಇಲ್ಲದಿದ್ದರೂ ಹದಿನೈದೇ ದಿನದಲ್ಲಿ ಕರಡು ಮುಗಿಸಿದ. ಸರ್ಕಾರಿ ಖರೀದಿಯಲ್ಲಿ, ಅರ್ಜಿ ಹಾಕಿ ಒಪ್ಪಿಗೆ ಪಡೆದ ದೇಶೀ ಕಂಪನಿಗಳಿಗೇ ಮೊದಲ ಮಣೆ! ಆರು ಮಂದಿ ಸಹಿ ಹಾಕಿದರು. ಕರಡು ಪ್ರಕಟವಾಯಿತು.

ಭಾನುವಾರ ಬೆಳಿಗ್ಗೆ ತಂಗಿ ಅದನ್ನು ಹಿಡಿದು ಬಂದಳು. ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಇಬ್ಬರು ಗೆಳತಿಯರೊಡನೆ ಕೂತು, ಆಸ್ಪತ್ರೆಗಳ ಕಂಪ್ಯೂಟರಿಗೆ ಕಳ್ಳರು ನುಗ್ಗುವ ಕಿಂಡಿಗಳನ್ನು ಹುಡುಕಿ ಮುಚ್ಚುವುದು ಅವಳ ಕಸುಬು.

"ಅಣ್ಣಾ, ಹನ್ನೊಂದನೇ ಷರತ್ತು ಓದು."

ಓದಿದ. 'ಅರ್ಜಿದಾರರು ಲಾರಿ ತೂಗುವ ಸ್ವಂತ ಯಂತ್ರ ಹೊಂದಿರತಕ್ಕದ್ದು.'

"ನಮ್ಮ ಹತ್ರ ಇರೋದು ಮೂರು ಕಂಪ್ಯೂಟರು, ಒಂದು ಫ್ಯಾನು. ಲಾರೀನ ಮೆಟ್ಲು ಹತ್ತಿಸ್ಲಾ?"

ಅವನು ಇಂಗು ತಿಂದ ಮಂಗನಂತಾದ. ಹಳೆಯ ಸಿಮೆಂಟ್ ನೀತಿಯನ್ನು ಮಕ್ಕಿಕಾಮಕ್ಕಿ ಇಳಿಸಿ, 'ಸಿಮೆಂಟ್' ಇದ್ದಲ್ಲೆಲ್ಲ 'ಸೈಬರ್' ಎಂದು ತಿದ್ದಿದ್ದ, ಅಷ್ಟೇ.

"ಸಹಿ ಹಾಕಿದೋರು ಯಾರೂ ಓದ್ಲಿಲ್ವಾ?"

"ಅವರ ಮಾತು ಬಿಡು. ಬರೆದೋನೇ ಓದಿಲ್ಲ."

ಮರುದಿನ 'ಬೆರಳಚ್ಚಿನ ದೋಷ' ಎಂದು ಒಂದು ತಿದ್ದುಪಡಿ ಗೀಚಿ ಟೈಪಿಗೆ ಕಳಿಸಿದ. ನಿವೃತ್ತಿಯ ಅಂಚಿನಲ್ಲಿದ್ದ ಬೆರಳಚ್ಚುಗಾರ್ತಿ ಕಾಗದ ಹಿಡಿದು ಅವನ ಮೇಜಿಗೇ ಬಂದರು.

"ಸಾರ್, ಈ ದೋಷ ನಂದಾ?"

ಅವನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಕಾಗದ ಹರಿದುಹಾಕಿದ.

ಆ ವಾರ ಉದ್ಯಮಿಗಳ ಸಭೆಯಲ್ಲಿ ಎದ್ದುನಿಂತ. "ಹನ್ನೊಂದನೇ ಷರತ್ತು ನನ್ನ ಪೆದ್ದುತನ. ಸಿಮೆಂಟ್ ನೀತಿಯಿಂದ ಕಾಪಿ ಹೊಡೆದೆ. ಇನ್ನೊಂದು ಮಾತು, ನನ್ನ ತಂಗೀನೂ ಅರ್ಜಿ ಹಾಕೋಳಿದಾಳೆ. ಅರ್ಜಿಗಳ ಕಡತ ಬೇರೆಯವರು ನೋಡ್ಲಿ."

ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ದೊಡ್ಡ ಕಂಪನಿಯ ಮ್ಯಾನೇಜರ್ ಮೆಲ್ಲಗೆ ಕೈಯೆತ್ತಿದ.

"ಸಾರ್, ನಾವು ಆಗ್ಲೇ ತೂಕದ ಯಂತ್ರ ತಂದು ಕೂರಿಸಿಬಿಟ್ವಿ."

ಆಗ ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು.

ಷರತ್ತು ಹೋಯಿತು, ನೀತಿ ಜಾರಿಗೆ ಬಂತು. ತಂಗಿಯ ಅರ್ಜಿ ಬೇರೊಬ್ಬ ಅಧಿಕಾರಿಯ ಮೇಜಿನಲ್ಲಿ ಎರಡು ತಿಂಗಳು ಕೂತು ಒಪ್ಪಿಗೆ ಪಡೆಯಿತು. ಸುದ್ದಿ ತಿಳಿದ ಸಂಜೆ ಅವನು ಮೊದಲ ಸಲ ಆ ಮಹಡಿ ಹತ್ತಿದ.

"ಒಂದು ಕೇಳ್ತೀನಿ, ನಗಬಾರ್ದು. ನೀನು ದಿನಾ ಮಾಡೋ ಕೆಲಸ ಏನು ಅಂತ ಮೊದಲಿಂದ ಹೇಳು."

ತಂಗಿ ನಗಲಿಲ್ಲ. ಪಕ್ಕದ ಸ್ಟೂಲಿನ ಮೇಲಿದ್ದ ವೈರುಗಳನ್ನು ತೆಗೆದು ಅವನಿಗೆ ಜಾಗ ಮಾಡಿಕೊಟ್ಟಳು.