ಏಟಿನ ಕಾಲಂ

"ಚಪ್ಪಲಿಯಲ್ಲೋ, ಬರಿಗೈಯಲ್ಲೋ?" ಬೋರ್ಡಿನ ಮೇಲೆ ಬರೆಯುತ್ತಲೇ ಟೀಚರ್ ಕೇಳಿದಳು.

"ಬರಿಗೈ ಮೇಡಂ. ಆದ್ರೆ ಉಂಗುರ ಇತ್ತು," ಎಂದ ಆಂಬುಲೆನ್ಸ್ ಡ್ರೈವರ್, ಕೆನ್ನೆ ಸವರಿಕೊಳ್ಳುತ್ತ.

ಯಾರ ಮುಂದೆ ಆಡಿದರೆ ಎಷ್ಟು ಏಟು ಎಂಬ ಮೂರನೇ ಕಾಲಂನಲ್ಲಿ ಅವಳು "ಸತ್ತವರ ಮನೆಯವರ ಮುಂದೆ: ಒಂದು, ಉಂಗುರದ ಕೈಯದು" ಎಂದು ತುಂಬಿದಳು. ಮೊದಲನೆಯದರಲ್ಲಿ ಬಕೆಟ್ ಒದೆಯುವ ಇಂಗ್ಲಿಷ್ ನುಡಿಗಟ್ಟು, ಎರಡನೆಯದರಲ್ಲಿ ಅರ್ಥ: ಗೊಟಕ್ ಅನ್ನುವುದು. ಸಂಜೆ ತರಗತಿಯ ಹನ್ನೊಂದು ಮಂದಿಗೂ ಅರ್ಥ ಬಾಯಿಪಾಠವಾಗಿತ್ತು. ಎಡವಟ್ಟಾದದ್ದೇ ಅದರಿಂದ. ಅರ್ಥ ಬಲ್ಲ ಡ್ರೈವರ್ ನಿನ್ನೆ ಹೆಣದ ಜೊತೆ ಹೋಗಿ, ಸತ್ತವನ ಹೆಂಡತಿಗೆ ಚೊಕ್ಕ ಇಂಗ್ಲಿಷಿನಲ್ಲಿ ಹಾಗಂತಲೇ ಸುದ್ದಿ ಮುಟ್ಟಿಸಿ, ಕೆನ್ನೆ ಊದಿಸಿಕೊಂಡು ಬಂದಿದ್ದ.

ಹಿಂದಿನ ಬೆಂಚಿನಲ್ಲಿ ತಪಾಸಣೆಗೆ ಬಂದಿದ್ದ ಸಾಹೇಬರು ಗಂಟಲು ಸರಿಮಾಡಿಕೊಂಡರು. ಇವರು ಸಹಿ ಹಾಕಿದರೆ ಟೀಚರಿಗೆ ಇನ್ನೊಂದು ವರ್ಷ ಕೆಲಸ. ಇಲ್ಲದಿದ್ದರೆ ಸೋಮವಾರದಿಂದ ಅಣ್ಣನ ಜೆರಾಕ್ಸ್ ಅಂಗಡಿಯಲ್ಲಿ, ಅತ್ತಿಗೆಯ ಕಣ್ಗಾವಲಿನಲ್ಲಿ, ಮುಚ್ಚಳ ಎತ್ತಿ ಮುಚ್ಚಿ ಮಾಡಬೇಕು.

"ಏನಮ್ಮ ಇದು, ಪೊಲೀಸ್ ಠಾಣೆನಾ?" ಎನ್ನುತ್ತ ಸಾಹೇಬರು ಮುಂದೆ ಬಂದರು. ಮೊದಲ ಸಾಲಿನಲ್ಲಿದ್ದ, ಆಸ್ಪತ್ರೆಯ ಬಟ್ಟೆ ಇಸ್ತ್ರಿ ಮಾಡುವ ಅಕ್ಕನನ್ನು ನೋಡಿ, "ನಿಮಗೆ ಪರೀಕ್ಷೆ ಯಾವತ್ತು?" ಎಂದರು.

"ನಾಳಿದ್ದು ಸಾರ್. ಇದು ನಾಲ್ಕನೇ ದಂಡಯಾತ್ರೆ."

ಸಾಹೇಬರು ನಕ್ಕು, ಅದೆಲ್ಲ ಕೇಕಿನ ತುಂಡು ಬಿಡಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನೀರು ಕುಡಿದಷ್ಟು ಸುಲಭವಂತೆ.

ಅಕ್ಕ ಸಾವಧಾನವಾಗಿ ನೋಟ್‌ಬುಕ್ ತಿರುವಿದಳು. "ಇದಕ್ಕೆ ಎರಡು ಏಟು ಸಾರ್. ‘ಫೇಲಾದವರ ಮುಂದೆ’ ಅಂತ ಬರ್ಕೊಂಡಿದೀನಿ. ನೀವು ದೊಡ್ಡೋರು, ಒಂದು ಮಾಫಿ."

ತರಗತಿ ಬಿದ್ದು ಬಿದ್ದು ನಕ್ಕಿತು. ಯಾರೋ ಶಿಳ್ಳೆ ಹಾಕಿದರು. ಕಿವಿ ಕೆಂಪಗಾದ ಸಾಹೇಬರು ಟೀಚರನ್ನು ಕಿಟಕಿಯ ಬಳಿ ಕರೆದು ದನಿ ತಗ್ಗಿಸಿದರು.

"ಪಾಠ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಆ ಏಟಿನ ಕಾಲಂ ಒರೆಸಿಬಿಡಿ. ನುಡಿಗಟ್ಟು, ಅರ್ಥ, ಅಷ್ಟು ಸಾಕು ಇಂಥವರಿಗೆ. ಒಂದಲ್ಲ, ಮೂರು ವರ್ಷಕ್ಕೆ ಸಹಿ ಹಾಕ್ತೀನಿ."

ತಾವೇ ಡಸ್ಟರ್ ಎತ್ತಿ ಅವಳತ್ತ ಚಾಚಿದರು.

ಮೂರು ವರ್ಷ! ಅಷ್ಟರಲ್ಲಿ ಡ್ರೈವರ್ ಗಡಿಯಾರ ನೋಡಿ ಗಡಬಡಿಸಿ ಎದ್ದ. ಅವನ ಪಾಳಿ ಶುರುವಾಗುವುದರಲ್ಲಿತ್ತು. ಇವತ್ತು ಯಾರ ಮನೆ ಬಾಗಿಲು ತಟ್ಟಬೇಕೋ.

"ಒರೆಸಲ್ಲ ಸಾರ್," ಎಂದಳು ಟೀಚರ್.