ಕೈಗುಣ

ನಾಗಮಣಿಯ ಬೆರಳಲ್ಲಿ ಚರ್ಮ ನಿಲ್ಲುತ್ತಿರಲಿಲ್ಲ. ತೂತುಬಿದ್ದ ಗ್ಲೌಸಿನೊಳಗೆ ಆಸಿಡ್ ಇಳಿದು ಸುಲಿಯುತ್ತಿತ್ತು. ಹೊಸದು ಕೇಳಿದರೆ ಮುಂದಿನ ತಿಂಗಳು ಎನ್ನುತ್ತಿದ್ದರು. ದಿನಾ ಊರಿನ ಆ ತುದಿಯ ತಾಂಬರಂನಿಂದ ಟ್ರೇನು, ಬಸ್ಸು ಹಿಡಿದು ಮಣಲಿಯ ನಮ್ಮ ಲ್ಯಾಬಿಗೆ ಬರುತ್ತಿದ್ದಳು. ಕಾಂಟ್ರಾಕ್ಟ್ ಕೆಲಸ. ನಾನು ಪಂಢರಿನಾಥ, ಅಲ್ಲಿ ಗಾಜು ತೊಳೆಯುವವನು.

ಔಷಧಿಯ ಅಣುವಿಗೂ ಎಡಗೈ, ಬಲಗೈ ಉಂಟಂತೆ. ಒಂದು ಕೈಯದು ರೋಗ ಕಳೆದರೆ ಇನ್ನೊಂದರದು ದಂಡ. ಬೇಕಾದ ಕೈಯನ್ನೇ ಹುಟ್ಟಿಸುವ ತಾಮ್ರದ ಕ್ಯಾಟಲಿಸ್ಟ್ ಅವಳು ಎರಡು ವರ್ಷದಿಂದ ಹುಡುಕುತ್ತಿದ್ದಳು. ಒಂದು ದಿನ ನಾನು ಸರಿಯಾಗಿ ಒಣಗದ ಫ್ಲಾಸ್ಕ್ ಕೊಟ್ಟುಬಿಟ್ಟೆ. ಬೈಸಿಕೊಳ್ಳಲು ನಿಂತಿದ್ದರೆ ಅವಳು ಕುಣಿದಳು. ನೂರಕ್ಕೆ ತೊಂಬತ್ತಾರು ಬೇಕಾದ ಕೈಯೇ! ಆಮೇಲೆ ಹದಿನೈದು ದಿನ ಅಳೆದೂ ಸುರಿದೂ ಗೊತ್ತುಮಾಡಿದಳು: ಬೇಕಾದ್ದು ಎರಡೇ ಹನಿ ನೀರು.

ಡೈರೆಕ್ಟರ್ ಸುಜಯೀಂದ್ರ ಪೂರ್ತಿ ಕೇಳಲೂ ಇಲ್ಲ. “ಒದ್ದೆ ಪಾತ್ರೆ ಸೈನ್ಸ್ ಆಗತ್ತೇನಮ್ಮ? ಅದು ನಿನ್ನ ಕೈಗುಣ.”

ಅವಳು ಹಿಗ್ಗಿದಳು. ನಾನೂ. ಎಂಥ ಪೆದ್ದರು ನಾವು!

ಪೇಟೆಂಟ್ ಅರ್ಜಿಯಲ್ಲಿ ಎರಡೇ ಹೆಸರು. ಸುಜಯೀಂದ್ರ, ಅವರ ಮಗಳು ಸಂಹಿತಾ. ಸಂಹಿತಾ ಲ್ಯಾಬಿಗೆ ಬಂದದ್ದು ಒಂದೇ ಸಲ, ಆಯುಧಪೂಜೆಯ ದಿನ, ಪ್ರಸಾದದ ಕಡಲೆ ಸುಂಡಲ್ ತಿನ್ನಲು.

“ನನ್ನ ಹೆಸರು ಸಾರ್? ಅದಿದ್ರೆ ಪಿಎಚ್‌ಡಿ ಸೀಟು ಸಿಗತ್ತೆ,” ಎಂದಳು ನಾಗಮಣಿ.

“ಐಡಿಯಾ ನಂದಲ್ವಾ? ಕೈಗುಣಕ್ಕೆಲ್ಲ ಯಾರು ಪೇಟೆಂಟ್ ಕೊಡ್ತಾರೆ? ಚುಮ್ಮಾ ತಲೆ ತಿನ್ನಬೇಡ.”

ಕ್ಯಾಟಲಿಸ್ಟ್ ಕೊಳ್ಳುವ ಕಂಪನಿಯವರು ನೋಡಲು ಬಂದರು. ಡೈರೆಕ್ಟರರು ತಾವೇ ಮಾಡಿ ತೋರಿಸಿದರು. ಫ್ಲಾಸ್ಕ್ ಮೂರು ಸಲ ಒಣಗಿಸಿದ್ದರು, ಮಹಾನುಭಾವರು. ಎರಡೂ ಕೈ ಅರ್ಧರ್ಧ ಬಂತು.

“ನಾಗಮಣಿ, ಸ್ವಲ್ಪ ನಿನ್ನ ಕೈ ಹಾಕಮ್ಮ.”

“ಐಡಿಯಾ ನಿಮ್ದಲ್ವಾ ಸಾರ್? ನೀವೇ ಮಾಡಿ.”

ಸಂಜೆಯೊಳಗೆ ಅವಳ ಗೇಟ್‌ಪಾಸ್ ಕಿತ್ತುಕೊಂಡರು.

ವಾರ ಕಳೆದ ಮೇಲೆ ಡೈರೆಕ್ಟರರು ನನ್ನ ಸಿಂಕಿನ ಹತ್ತಿರ ಬಂದರು. ಏಳು ವರ್ಷದಲ್ಲಿ ಮೊದಲ ಸಲ.

“ಪಂಢರಿ, ಆವತ್ತು ಫ್ಲಾಸ್ಕ್ ಎಷ್ಟು ಒದ್ದೆ ಇತ್ತೋ?”

“ಅರ್ಜಿಯಲ್ಲಿ ನಾಗಮಣಿ ಅಂತ ಹೆಸರು ಬರೀರಿ ಸಾರ್. ಆಮೇಲೆ ಹೇಳ್ತೀನಿ.”

ಅವರ ಮುಖ ಕೆಂಪಾಯಿತು. ಅತ್ತ ಕೆಲಸದಲ್ಲಿದ್ದ ಭೋಜರಾಜ, ವೃಂದಾ ಕೈಯಲ್ಲಿದ್ದದ್ದು ಬಿಟ್ಟು ನನ್ನ ಪಕ್ಕ ಬಂದು ನಿಂತರು. ಅವರೂ ಕಾಂಟ್ರಾಕ್ಟಿನವರೇ.

“ನಿಮಗ್ಯಾರಿಗೂ ಕೆಲಸ ಬೇಡವಾ?”

“ಬೇಡ ಅಂತ ಯಾರಂದ್ರು ಸಾರ್?” ಎಂದಳು ವೃಂದಾ. “ಹೆಸರೂ ಬೇಕು ಅಂದ್ವಿ.”