ಬಿಟ್ಟೆ ಅನ್ನುವ ಮೊದಲು

ಎಂಟು ತಿಂಗಳಿಂದ ಅವನು ದಿನ ತಳ್ಳುತ್ತಲೇ ಬಂದಿದ್ದ. ಮೊದಲು, ಕೆಲಸ ಖಾಯಂ ಆಗಲಿ ಅಂದುಕೊಂಡ. ಆಯಿತು. ಆಮೇಲೆ, ಮಗಳು ಶಾಲೆಗೆ ಸೇರಲಿ ಅಂದುಕೊಂಡ. ಸೇರಿದಳು. ಮಾತ್ರೆ ಹೋಗಿ ಇನ್ಸುಲಿನ್ ಶುರುವಾದಾಗ, ಸೋಮವಾರ ಕೆಲಸದ ಜಾಗದಲ್ಲಿ ಖಂಡಿತ ಹೇಳುತ್ತೇನೆಂದು ಹೆಂಡತಿಗೆ ಮಾತು ಕೊಟ್ಟ. ಅಂಥ ಸೋಮವಾರಗಳು ಐದು ಕಳೆದವು.

"ಕಳ್ಳತನ ಮಾಡಿದೀರಾ? ಸಕ್ಕರೆ ಕಾಯಿಲೆ ತಾನೇ?" ಎನ್ನುತ್ತಿದ್ದಳು ಅವಳು.

"ನಿನಗೆ ಗೊತ್ತಾಗಲ್ಲ ಬಿಡು. ನಮ್ಮ ಪ್ರೆಸ್ಸಿನಲ್ಲಿ ಮೂರ್ಛೆ ಬರ್ತಿದ್ದ ಬೈಂಡರ್‌ಗೆ ಏನು ಮಾಡಿದ್ರು? ಕೈಗೆ ಪೊರಕೆ ಕೊಟ್ರು."

ಮುದ್ರಣಾಲಯದಲ್ಲಿ ಅವನದು ಕಾಗದ ಕತ್ತರಿಸುವ ಯಂತ್ರ. ಗೋಡೆಯ ಮೇಲಿನ ಸೂಚನೆಗಳನ್ನೆಲ್ಲ ನಿಂತು ಓದುತ್ತಾನೆಂದು ಎಲ್ಲರೂ ಅವನನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವನೆದುರು ನಿಂತು ಕಾಗದದ ಕಟ್ಟು ಕೂರಿಸುವವಳು, ಎಲ್ಲರೂ ದೊಡ್ಡಕ್ಕ ಎನ್ನುವ ಹಿರಿಯ ಕೆಲಸಗಾರ್ತಿ. ಯಂತ್ರ ಹಳೆಯದು, ಬೆರಳಿಗೂ ಅಲಗಿಗೂ ನಡುವೆ ತಡೆಯಿಲ್ಲ. ಅದಕ್ಕೇ ಇಬ್ಬರೂ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಅಕ್ಕ ಕಟ್ಟನ್ನು ಸರಿಹೊಂದಿಸಿ, ಎರಡೂ ಕೈ ಹಿಂದಕ್ಕೆಳೆದು "ಬಿಟ್ಟೆ" ಅನ್ನಬೇಕು. ಆಮೇಲಷ್ಟೇ ಅವನು ಅಲಗು ಇಳಿಸುವ ಹಿಡಿ ಎಳೆಯಬೇಕು. ದಿನಕ್ಕೆ ನೂರಾರು ಸಲ.

ಅಂದು ಅವಸರದ ಕೆಲಸ ಬಂದು ಊಟದ ಹೊತ್ತು ಮುಂದಕ್ಕೆ ಹೋಯಿತು. ಅವನ ಬೆನ್ನು ಬೆವರಿತು, ತುಟಿ ಜೋಮುಗಟ್ಟಿತು. ಸಕ್ಕರೆ ತೀರಾ ಇಳಿದರೆ ತಿನ್ನಲೆಂದು ಅಂಗಿಯ ಜೇಬಿನಲ್ಲಿ ನಾಲ್ಕು ಮಿಠಾಯಿ ಇದ್ದವು.

"ಏನೋ ಮೇಷ್ಟ್ರೇ, ಹೆಣ್ಣು ನೋಡೋಕೆ ಹೋದವನ ಥರ ಬೆವರ್ತಿದ್ದೀಯಲ್ಲ?"

"ಸೆಕೆ ಅಕ್ಕ."

ಮಿಠಾಯಿ ಬಾಯಿಗೆ ಹಾಕಿಕೊಂಡರೆ ಅಕ್ಕ ಕೇಳದೆ ಬಿಡುವವಳಲ್ಲ. ಇದೊಂದು ಕಟ್ಟು ಮುಗಿಯಲಿ, ಅಂದುಕೊಂಡ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಅಕ್ಕನ ಕೈಗಳು ಎಲ್ಲೋ ದೂರದಲ್ಲಿ ಆಡುತ್ತಿರುವಂತೆ ಕಂಡವು. ಹಿಡಿ ಕೆಳಗಿಳಿದಾಗ, ಎಳೆದದ್ದು ತಾನೇ ಎಂದು ತಿಳಿಯುವುದಕ್ಕೂ ಅವನಿಗೆ ಒಂದು ಗಳಿಗೆ ಬೇಕಾಯಿತು.

ಅಕ್ಕನ ಬಲಗೈಯ ಎರಡು ಬೆರಳು ಹೋದವು.

ಮರುದಿನ ಮೇಲ್ವಿಚಾರಕರು ಒಂದು ಹಾಳೆ ಮುಂದಿಟ್ಟರು. "ಸಹಿ ಹಾಕಿ ಮೇಷ್ಟ್ರೇ, ಸಾಕ್ಷಿ ಅಂತ. ಆಕೆಯೇ ಹೇಳಿದ್ದಾಳೆ, ಕೈ ತೆಗೆಯೋ ಮುಂಚೆನೇ ಬಿಟ್ಟೆ ಅಂದಿರಬೇಕು ಅಂತ."

ಅವನು ಓದಿದ. 'ಕೆಲಸಗಾರ್ತಿಯ ಅಜಾಗರೂಕತೆಯಿಂದ' ಎಂದಿತ್ತು. ಹಾಗಾದರೆ ಅವಳಿಗೆ ಪರಿಹಾರವಿಲ್ಲ. ಒಂದು ಸಹಿ ಹಾಕಿದರೆ ಯಂತ್ರದ ಕೆಲಸವೂ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ಪೆನ್ನು ತೆರೆದ. ಮುಚ್ಚಿದ. "ಸಂಜೆ ಕೊಡ್ತೀನಿ ಸಾರ್" ಎಂದು ಹಾಳೆ ಮಡಚಿಕೊಂಡು ಆಸ್ಪತ್ರೆಗೆ ಹೋದ.

ಅಕ್ಕ ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು. ಅವನನ್ನು ಕಂಡದ್ದೇ ಕೇಳಿದಳು. "ರಾತ್ರಿಯೆಲ್ಲ ಅದೇ ಯೋಚನೆ ಕಣೋ ತಮ್ಮಾ. ನಾನು ಬಿಟ್ಟೆ ಅಂದ್ನಾ, ಇಲ್ವಾ? ವಯಸ್ಸಾಯ್ತು ನೋಡು, ನಾಲಿಗೆ ಮುಂದೆ ಓಡುತ್ತೆ."

"ನೀನು ಅನ್ನಲಿಲ್ಲ ಅಕ್ಕ."

ಒಂದೇ ಉಸಿರಿಗೆ ಎಲ್ಲ ಹೇಳಿದ. ಕಾಯಿಲೆ, ಇನ್ಸುಲಿನ್, ತಿನ್ನದೆ ಉಳಿದ ಮಿಠಾಯಿ. ಅವಳು ಮಾಡಿನ ಫ್ಯಾನು ನೋಡುತ್ತ ಕೇಳಿಸಿಕೊಂಡಳು.

"ಎಷ್ಟು ದಿನದಿಂದ?"

"ಎಂಟು ತಿಂಗಳು."

"ಎಂಟು ತಿಂಗಳು ನನ್ನ ಕೈ ನಿನ್ನ ಕಣ್ಣೆದುರಿಗೇ ಇತ್ತಲ್ಲೋ."

ಅವನು ಮಡಚಿದ್ದ ಹಾಳೆ ಬಿಡಿಸಿ, ಅಜಾಗರೂಕತೆಯ ಸಾಲನ್ನು ಅವಳಿಗೆ ತೋರಿಸಿದ. ಕ್ಷಮಿಸು ಎನ್ನಲೂ ನಾಚಿಕೆಯಾಯಿತು.

"ಬರಿ. ಇಲ್ಲೇ, ನನ್ನ ಮುಂದೆ ಬರಿ. ನನಗಂತೂ ಇನ್ನು ಬರೆಯೋಕಾಗಲ್ಲ."

ಅವನು ಹಾಳೆಯನ್ನು ಮೊಣಕಾಲ ಮೇಲಿಟ್ಟು ಆ ಸಾಲು ಹೊಡೆದುಹಾಕಿ, ಕೆಳಗೆ ತನ್ನ ಕಾಯಿಲೆಯ ಹೆಸರು, ಅಂದು ಊಟ ತಪ್ಪಿದ್ದು, ಅಕ್ಕ ಹೇಳುವ ಮೊದಲೇ ತಾನು ಹಿಡಿ ಎಳೆದದ್ದು, ಎಲ್ಲವನ್ನೂ ಬರೆದ.

"ಓದು."

ಮೆಲ್ಲಗೆ ಓದತೊಡಗಿದ.

"ಜೋರಾಗಿ ಓದೋ. ಇಷ್ಟು ದಿನ ಯಾರಿಗೂ ಕೇಳಿಸಲಿಲ್ಲವಲ್ಲ."

ಪಕ್ಕದ ಹಾಸಿಗೆಯವರು ಇತ್ತ ತಿರುಗಿದರು. ಅವನು ಗಂಟಲು ಸರಿಮಾಡಿಕೊಂಡು ಮೊದಲ ಸಾಲಿನಿಂದ ಮತ್ತೆ ಶುರುಮಾಡಿದ. ಅಕ್ಕ ಗೋಡೆಯ ಕಡೆ ಹೊರಳಿದಳು.